ಡೈರಿ ಬಿಟ್ಟು ನೀರಿನ ಘಟಕಕ್ಕೆ: ನಮ್ಮೂರಿನ ಬಿ.ಪಿ. ತಪಾಸಣೆ

ಮದ್ದೂರು ತಾಲ್ಲೂಕಿನ ನಮ್ಮ ಊರಿನಲ್ಲಿ ನಾನು ಆಶಾ ಕಾರ್ಯಕರ್ತೆಯಾಗಿ ಹನ್ನೆರಡು ವರ್ಷ ಮೀರಿತು. 'ನೀರು ಹಿಡಿಯುವ ಜಾಗದಲ್ಲಿ ಬಿ.ಪಿ. ನೋಡುತ್ತಾಳಂತೆ, ಜಾತ್ರೆಯಲ್ಲಿ ತೂಕ ನೋಡಿದ ಹಾಗೆ' ಎಂದು ಆಡಿಕೊಂಡವರೇ ಈಗ ನನ್ನ ರಿಜಿಸ್ಟರ್ ಕೇಳಿ ಪಡೆಯುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರಂತೆ ಸಮುದಾಯ ಭವನದಲ್ಲಿ ಶಿಬಿರ ಮಾಡಿದೆವು. ಶಾಮಿಯಾನ, ಕುರ್ಚಿ, ಕಾಫಿ, ಆಟೋದಲ್ಲಿ ಮೈಕು ಎಲ್ಲ ಸೇರಿ 3,000 ರೂಪಾಯಿ ಹತ್ತಿರ ಹೋಯಿತು. ಬಂದವರು ನಲವತ್ತು ಜನ. ಅವರಲ್ಲಿ ಮುಕ್ಕಾಲು ಪಾಲು ಆಗಲೇ ಮಂಡ್ಯದಲ್ಲಿ ತೋರಿಸಿಕೊಂಡು ಮಾತ್ರೆ ನುಂಗುತ್ತಿದ್ದವರು. ನಾಟಿಗೆ, ಕಬ್ಬು ಕಡಿಯಲು ಹೋದವರು ಒಬ್ಬರೂ ಬರಲಿಲ್ಲ. ಹೇಗೆ ಬಂದಾರು? ಒಂದು ದಿನದ ಕೂಲಿ 300 ರೂಪಾಯಿ ಬಿಟ್ಟು ಯಾರು ಬಂದು ಸಾಲಿನಲ್ಲಿ ಕೂರುತ್ತಾರೆ?

ಆಮೇಲೆ ಹಾಲಿನ ಡೈರಿ ಹೊಳೆಯಿತು. ಬೆಳಿಗ್ಗೆ ಆರಕ್ಕೆ ಅರ್ಧ ಊರು ಅಲ್ಲಿರುತ್ತದೆ. ಕಾರ್ಯದರ್ಶಿಗಳು ಒಂದು ಮೇಜು ಕೊಟ್ಟರು. ನನ್ನ ಕೈಯಿಂದ 1,100 ಕೊಟ್ಟು ಮಣಿಕಟ್ಟಿಗೆ ಕಟ್ಟುವ ಯಂತ್ರ ತಂದೆ. ಒಬ್ಬರದೇ ಕೈಗೆ ಒಮ್ಮೆ 128, ಮತ್ತೊಮ್ಮೆ 160 ತೋರಿಸಿತು. ಆ ದುಡ್ಡು ನೀರುಪಾಲು. ಎರಡನೆಯ ಸಲ ತೋಳಿಗೆ ಕಟ್ಟುವುದನ್ನೇ ತಂದೆ, 2,000ದ ಮೇಲಾಯಿತು. ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿ ಬೇರೆ ಕೊಂಡೆ. ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿ.ಪಿ.ಯನ್ನೂ ತೋರಿಸುತ್ತದೆ, ಅದರಲ್ಲಿ ಜಿಪುಣತನ ಮಾಡಬೇಡಿ. ಡೈರಿಯಲ್ಲಿ ಇನ್ನೊಂದು ತಾಪತ್ರಯ. ಬಿ.ಪಿ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು, ಕ್ಯಾನು ಹಿಡಿದು ಓಡೋಡಿ ಬಂದವರು ಅಷ್ಟೂ ಕೂರುವುದಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ಆತುರ ಅವರಿಗೆ.

ನಿಜವಾದ ತಪ್ಪು ಗೊತ್ತಾದದ್ದು ಮೂರು ತಿಂಗಳ ನಂತರ. ರಿಜಿಸ್ಟರ್ ತೆರೆದು ಬೀದಿಬೀದಿಯ ಲೆಕ್ಕ ಹಾಕಿದೆ. ಕಾಲೋನಿಯ ಹೆಸರುಗಳು ಬೆರಳೆಣಿಕೆ. ಅಲ್ಲಿನ ಒಬ್ಬ ಅಜ್ಜಿಯನ್ನು ಕೇಳಿದ್ದಕ್ಕೆ, 'ನನಗೆ ಹಸುವೇ ಇಲ್ಲವಲ್ಲ ತಾಯಿ, ಡೈರಿಗೆ ನಾನೇಕೆ ಬರಲಿ?' ಎಂದರು. ಆ ಮಾತು ಎದೆಗೆ ನಾಟಿತು. ಹಸು ಇರುವವರ ಬಿ.ಪಿ. ಮಾತ್ರ ನೋಡಿ ಊರನ್ನೆಲ್ಲ ನೋಡಿದೆ ಎಂದುಕೊಂಡಿದ್ದೆ.

ಹಸು ಇದ್ದವರಿಗೂ ಇಲ್ಲದವರಿಗೂ ಬೇಕಾದದ್ದು ನೀರು. ನಮ್ಮ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಸಂಜೆ ಐದೂವರೆಯಿಂದ ಕೂಲಿ ಮುಗಿಸಿದವರ ಕ್ಯಾನುಗಳು ಸಾಲುಗಟ್ಟುತ್ತವೆ. ಸರದಿ ಬರುವವರೆಗೆ ಜನ ಜಗಲಿಯ ಮೇಲೆ ತಾವಾಗಿ ಕೂರುತ್ತಾರೆ, ಬೆನ್ನಿಗೆ ಗೋಡೆಯೂ ಇದೆ. ನಮಗೆ ಬೇಕಾದ ಐದು ನಿಮಿಷ ಪುಕ್ಕಟೆ ಸಿಕ್ಕಿತು. ಕ್ಯಾನು ಎತ್ತುವ ಮೊದಲೇ ಅಳೆಯಬೇಕು, ಎತ್ತಿದ ಮೇಲೆ ಅಲ್ಲ. ಆ ಅಜ್ಜಿಯನ್ನು ಎರಡನೆಯ ದಿನವೇ ಕೂರಿಸಿದೆ. ರವಿಕೆಯ ತೋಳು ಮೇಲಕ್ಕೆ ಸರಿಸಿ ಪಟ್ಟಿ ಕಟ್ಟಿದರೆ 190ಕ್ಕೆ 110. ಎರಡನೆಯ ಸಲವೂ ಅಷ್ಟೇ. 'ಬಿಸಿಲಿಗೆ ತಲೆ ಸುತ್ತುತ್ತದೆ' ಎಂದು ವರ್ಷದಿಂದ ಸುಮ್ಮನಿದ್ದರಂತೆ. ಅದೇ ಸಂಜೆ ಆಟೋ ಹಿಡಿದು ಮದ್ದೂರಿಗೆ ಕರೆದುಕೊಂಡು ಹೋದೆ.

ಇಲ್ಲಿಯೂ ಒಂದು ಎಡವಟ್ಟು ಮಾಡಿದೆ. ಒಬ್ಬ ಅಣ್ಣನ ಅಳತೆಯನ್ನು ಎಲ್ಲರ ಮುಂದೆ ಜೋರಾಗಿ ಓದಿಬಿಟ್ಟೆ. ರಾತ್ರಿಯಾಗುವಷ್ಟರಲ್ಲಿ ಬೀದಿಯೆಲ್ಲ 'ಅವರಿಗೆ ಲಕ್ವ ಹೊಡೆಯುತ್ತದೆಯಂತೆ' ಎಂಬ ಮಾತು. ಎರಡು ತಿಂಗಳು ಅವರು ನನ್ನ ಮುಖ ನೋಡಲಿಲ್ಲ. ಅಂದಿನಿಂದ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ. ಅವರನ್ನೂ, ಅವರಂಥ ಹತ್ತಾರು ಗಂಡಸರನ್ನೂ ಮತ್ತೆ ಕೂರಿಸಿದ ಉಪಾಯ ನನ್ನ ಬಳಿಯೇ ಇರಲಿ.

ನಡುವೆ ಉಪ್ಪಿನ ಲೆಕ್ಕಕ್ಕೂ ಕೈ ಹಾಕಿದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು. ಹತ್ತು ಮನೆಗಳಲ್ಲಿ ಉಪ್ಪಿನ ಪೊಟ್ಟಣ ಎಣಿಸಿದರೆ ಎರಡು ಕಿಲೋವರೆಗೆ ಬಂತು. ನಾನು ಗಾಬರಿಯಾದಾಗ ಒಬ್ಬ ಅಕ್ಕ, 'ಹಸುವಿನ ಕಲಗಚ್ಚಿಗೂ ಅದನ್ನೇ ಹಾಕುತ್ತೇವಲ್ಲ' ಎಂದರು. ಲೆಕ್ಕವೆಲ್ಲ ಕೆಟ್ಟಿತು. ಈಗ ಅಡುಗೆಯ ಉಪ್ಪಿಗೆ ಬೇರೆ ಡಬ್ಬಿ ಇಡಿಸಿದ್ದೇನೆ, ಮತ್ತೆ ಎಣಿಸಬೇಕು. ಉಪ್ಸಾರಿನ ಮೇಲೆ ಮತ್ತೆ ಉಪ್ಪು ಉದುರಿಸಿಕೊಳ್ಳುವುದನ್ನು ನಾಲ್ಕೈದು ಮನೆಯವರು ಬಿಟ್ಟಿದ್ದಾರೆ.

ನನ್ನ ಪಾಲಿಗೆ ಮೂವತ್ತು ದಾಟಿದವರು ಸುಮಾರು 500 ಜನ. ಒಂದೂವರೆ ವರ್ಷದಲ್ಲಿ 400ರ ಮೇಲೆ ಅಳೆದಿದ್ದೇನೆ. ಹೊಸದಾಗಿ ಸಿಕ್ಕವರು ಅರವತ್ತರ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಕಾಲೋನಿಯವರೇ. ನಲವತ್ತು ಜನರದು ಈಗ 140ಕ್ಕೆ 90ರ ಒಳಗಿದೆ. ಅಜ್ಜಿಯೂ ಅವರಲ್ಲೊಬ್ಬರು. ತಾಲ್ಲೂಕಿನಲ್ಲಿ ಇಷ್ಟು ಮಾಡಿದವರನ್ನು ನಾನಂತೂ ಕಂಡಿಲ್ಲ. ಮಾತ್ರೆಯನ್ನು ಆರೋಗ್ಯ ಕೇಂದ್ರದಿಂದ ತಂದು ಘಟಕದಲ್ಲೇ ಕೊಡುತ್ತೇವೆ, ಯಾರ ಕೂಲಿಯೂ ತಪ್ಪುವುದಿಲ್ಲ.

ಆಲೆಮನೆಯವರು ಮಾತ್ರ ಇನ್ನೂ ಸಿಕ್ಕಿಲ್ಲ. ನಸುಕಿನಲ್ಲೇ ಕೊಪ್ಪರಿಗೆಗೆ ಬೆಂಕಿ ಹಾಕುತ್ತಾರೆ, ಸಂಜೆ ನೀರಿಗೂ ಬರುವುದಿಲ್ಲ. ಹೋದ ವಾರ ಎರಡು ಆಲೆಮನೆಗೆ ಯಂತ್ರ ಹೊತ್ತುಕೊಂಡು ಹೋಗಿದ್ದೆ. ಒಲೆಯ ಮುಂದಿನಿಂದ ಬೆವರುತ್ತ ಎದ್ದು ಬಂದವರನ್ನು ಎಷ್ಟು ಹೊತ್ತು ಕೂರಿಸಿ ಅಳೆಯಬೇಕು ಎಂದು ನಮ್ಮ ವೈದ್ಯಾಧಿಕಾರಿಗಳನ್ನು ಕೇಳಿದ್ದೇನೆ.