ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಡುವ ವಿಮಾನ ದುಬೈಗೆ 12.20ಕ್ಕೆ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದ್ದರೆ ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷದ್ದಲ್ಲ. ಎರಡೂ ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಸೇರಿಸಿದರೆ 3 ಗಂಟೆ 50 ನಿಮಿಷ. ಇದು ಸರಿಯೇ ಎಂದು ದೂರ ಅಳೆದು ತಾಳೆ ನೋಡಬಹುದು. ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರ್ ಸಾಕು.

ಮೊದಲು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಊರಿನದ್ದಲ್ಲ, ನಿಲ್ದಾಣದ್ದು. ದೇವನಹಳ್ಳಿಯ ನಿಲ್ದಾಣ ಬೆಂಗಳೂರಿನ ನಡುಭಾಗದಿಂದ 25 ಕಿ.ಮೀ.ಗೂ ದೂರವಿದೆ. ಅದರ ಸ್ಥಾನ 13.198 ಉತ್ತರ, 77.706 ಪೂರ್ವ, ದುಬೈನದು 25.253 ಉತ್ತರ, 55.364 ಪೂರ್ವ. ಡಿಗ್ರಿ-ನಿಮಿಷದಲ್ಲಿ ಕೊಟ್ಟಿದ್ದರೆ ನಿಮಿಷವನ್ನು 60ರಿಂದ ಭಾಗಿಸಬೇಕು. 13 ಡಿಗ್ರಿ 12 ನಿಮಿಷ ಎಂದರೆ 13.20, 13.12 ಅಲ್ಲ, ಇಷ್ಟರಲ್ಲೇ 9 ಕಿ.ಮೀ. ತಪ್ಪಿಹೋಗುತ್ತದೆ. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಋಣ ಚಿಹ್ನೆ ಹಾಕಿ.

ಈಗ ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.0974. ಅವುಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ (22.342) ಕೊಸೈನ್‌ನಿಂದಲೂ ಗುಣಿಸಿ: 0.8144. ಎರಡನ್ನೂ ಕೂಡಿಸಿದರೆ 0.9118. ಇದರ ವಿಲೋಮ ಕೊಸೈನ್ 24.24 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ.; ದೂರ ಸುಮಾರು 2,695 ಕಿ.ಮೀ. ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆಯೇ ನೋಡಿ. ಎಕ್ಸೆಲ್‌ನಲ್ಲಿ ಮಾಡುವವರು ಡಿಗ್ರಿಗಳನ್ನು ರೇಡಿಯನ್‌ಗೆ ಬದಲಿಸಲೇಬೇಕು.

ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ದೂರದ ಊರುಗಳಿಗೆ ನಡೆಯದು. ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ದಾರಿ ಭೂಪಟದ ಅಡ್ಡಗೆರೆಯಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಲ್ಲಿಂದ ಬೆಂಗಳೂರಿಗೆ ನೇರವಾಗಿ ಹಾರಿದಾಗ ಉತ್ತರ ಧ್ರುವದ ದಾರಿ ಹಿಡಿಯಿತು. ಇದೇ ಸೂತ್ರ ಆ ದೂರವನ್ನು 14,000 ಕಿ.ಮೀ.ಗೆ ತುಸು ಕಡಿಮೆ ಎಂದು ತೋರಿಸುತ್ತದೆ.

ಹೊತ್ತಿನ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. ಏರ್‌ಬಸ್ ಎ320ಯಂಥ ವಿಮಾನ ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ, ನಿಜ. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗ ಇರುವುದಿಲ್ಲ; ಟಿಕೆಟ್‌ನ ಸಮಯದಲ್ಲಿ ರನ್‌ವೇವರೆಗೆ ಉರುಳುವ ಹೊತ್ತೂ ಸೇರಿರುತ್ತದೆ. ಹೀಗಾಗಿ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿ. ದುಬೈಗೆ 3 ಗಂಟೆ 22 ನಿಮಿಷ, ಮೇಲೆ 30. ಒಟ್ಟು 3 ಗಂಟೆ 52 ನಿಮಿಷ. ದೆಹಲಿಗೆ (1,710 ಕಿ.ಮೀ.) ಇನ್ನೂ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು. ದಾರಿ ಇರುವುದು ದಕ್ಷಿಣೋತ್ತರವಾಗಿ, ಎರಡೂ ಕಡೆಯ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ. ಹಾಗಾಗಿ ಹೊರಟ ಮೇಲೂ ಇಳಿಯುವ ಮುನ್ನವೂ ವಿಮಾನ ತಿರುಗಲೇಬೇಕು.

ಇನ್ನು ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ, ಅರೇಬಿಯಾಗಳ ಮೇಲೆ ಪಡುವಣ ಗಾಳಿ ಜೋರು. ದುಬೈ ದಾರಿಯಲ್ಲಿ 80 ಕಿ.ಮೀ. ವೇಗದ ಎದುರುಗಾಳಿ ಸಿಕ್ಕಿತು ಎನ್ನಿ: 850ರ ವಿಮಾನ ನೆಲದ ಲೆಕ್ಕದಲ್ಲಿ 770ಕ್ಕೆ ಇಳಿದು ಮೂರೂವರೆ ಗಂಟೆ ಹಾರಬೇಕು. ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು ವೇಗ 930 ಆದರೆ 2 ಗಂಟೆ 54 ನಿಮಿಷ ಸಾಕು. ಆದ್ದರಿಂದ ಹೋಗುವ ಹೊತ್ತನ್ನೇ ಬರುವುದಕ್ಕೂ ಹಾಕಿಕೊಳ್ಳಬೇಡಿ. ಬರುವಾಗ ಟಿಕೆಟ್‌ನ ವ್ಯತ್ಯಾಸದಿಂದ ಒಂದೂವರೆ ಗಂಟೆ ಕಳೆಯಬೇಕು: ದುಬೈ 10.00, ಬೆಂಗಳೂರು 15.00 ಎಂದಿದ್ದರೆ ಪ್ರಯಾಣ ಮೂರೂವರೆ ಗಂಟೆ.