ಚಿಪ್ಸ್ ಕೆಂಪಾಗುವುದು ನಿಂತದ್ದು ಹೇಗೆ: ನನ್ನ ಅನುಭವ

ಮನೆಯ ಬಾಣಲೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸ್ ಅಂಚಿನಿಂದ ಅಂಚಿನವರೆಗೆ ಒಂದೇ ಹೊಂಬಣ್ಣಕ್ಕೆ ಬರುತ್ತದೆ, ಡಬ್ಬಿಯಲ್ಲಿ ಮೂರು ವಾರ ಇಟ್ಟರೂ ಗರಿ ಕಳೆದುಕೊಳ್ಳುವುದಿಲ್ಲ ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ಅಡುಗೆಯನ್ನೇ ವೃತ್ತಿ ಮಾಡಿಕೊಂಡ ಬಂಧುವೊಬ್ಬರು ಅದು ಯಂತ್ರದ ಕೆಲಸವೆಂದೂ ಮನೆಯ ಒಲೆಗೆ ಒಗ್ಗುವುದಲ್ಲವೆಂದೂ ಖಂಡಿತವಾಗಿ ಹೇಳಿದ್ದರು. ಸುಮಾರು 3 ವರ್ಷಗಳಲ್ಲಿ 40ಕ್ಕೂ ಹೆಚ್ಚು ಸಲ ಕರಿದ ಮೇಲೆ ಈಗ ಅದೇ ಬಂಧುಗಳು ನನ್ನಿಂದ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ. ಆದ್ದರಿಂದ ನಡೆದದ್ದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲ ವರ್ಷವೆಲ್ಲ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಬಿಲ್ಲೆಗಳು ಹೊರಗೆ ಕೆಂಪಾಗಿ, ಒಳಗೆ ಇನ್ನೂ ಮೆತ್ತಗಿದ್ದು, ನಾಲಿಗೆಗೆ ಕಹಿಯಾಗುತ್ತಿದ್ದವು. ಉರಿ ಇಳಿಸಿದರೆ ಬಣ್ಣ ತಡವಾಗಿ ಬರುತ್ತಿತ್ತು, ಆದರೆ ಬಿಲ್ಲೆಗಳು ಎಣ್ಣೆ ಕುಡಿದು ಜೋತುಬೀಳುತ್ತಿದ್ದವು. ಎಣ್ಣೆ ಬದಲಿಸಿದೆ, ಐಸ್ ನೀರಿನಲ್ಲಿ ನೆನೆಸಿದೆ, ಪಿಷ್ಟ ಹೋಗಲೆಂದು ಏಳು ನೀರಿನಲ್ಲಿ ತೊಳೆದೆ. ಸ್ಲೈಸರ್‌ಗಳ ಮೇಲೂ ಖರ್ಚು ಮಾಡಿದೆ. ಅಗ್ಗದ ಎರಡು ಬೇಗನೆ ಮೊಂಡಾದವು, ಅವೆರಡರ ಬೆಲೆ ಸೇರಿಸಿದಷ್ಟೇ ತೆತ್ತು ಕೊಂಡ ಮೂರನೆಯದು ಈಗಲೂ 1.5 ಮಿಲಿಮೀಟರ್ ದಪ್ಪಕ್ಕೆ ಕಾಗದದಂತೆ ಕೊಯ್ಯುತ್ತದೆ. ಅದನ್ನೇ ಮೊದಲು ಕೊಂಡಿದ್ದರೆ ಅಷ್ಟು ಹಣ ಉಳಿಯುತ್ತಿತ್ತು. ಆ ವರ್ಷ ಎಣ್ಣೆಗೆ ಸುರಿದ ಹಣದಲ್ಲಿ ನಾನು ಕರಿದದ್ದರ ಮೂರು ಪಟ್ಟು ಚಿಪ್ಸನ್ನು ಪ್ಯಾಕೆಟ್ಟಿನಲ್ಲೇ ತರಬಹುದಿತ್ತು ಎಂದು ಮನೆಯವರು ಲೆಕ್ಕ ಹಾಕಿ ತೋರಿಸಿದ್ದರು, ಆ ಲೆಕ್ಕ ಸರಿಯಾಗಿಯೇ ಇತ್ತು.

ದೋಷ ಗಡ್ಡೆಯಲ್ಲಿತ್ತು. ಒಂದೇ ಚೀಲದ ಗಡ್ಡೆಗಳನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್ಜಿನಲ್ಲೂ ಇನ್ನೊಂದನ್ನು ಬುಟ್ಟಿಯಲ್ಲೂ ಇಟ್ಟು, ಹತ್ತು ದಿನ ಬಿಟ್ಟು ಒಂದೇ ಎಣ್ಣೆಯಲ್ಲಿ ಒಂದರ ಹಿಂದೆ ಒಂದು ಕರಿದೆ. ಫ್ರಿಜ್ಜಿನವು ಎರಡು ನಿಮಿಷದೊಳಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು, ಬುಟ್ಟಿಯವು ಅದರ ಅರ್ಧದಷ್ಟೂ ಕೆಂಪಾಗಲಿಲ್ಲ. ಚಳಿಯಲ್ಲಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯೇ ಕಾದ ಎಣ್ಣೆಯಲ್ಲಿ ಕಂದಾಗಿ ಕಹಿಯಾಗುತ್ತದೆ ಎಂಬುದು ನಿಮಗೆ ತಿಳಿದಿರಬಹುದು. ನನಗೆ ತಿಳಿದದ್ದು ಆ ದಿನ. ಬುಟ್ಟಿಯಲ್ಲಿದ್ದವು ಕೂಡ ಪೂರ್ಣ ಬೆಳ್ಳಗಾಗದಿದ್ದುದಕ್ಕೆ ಕಾರಣ, ನಾನು ಕೊಳ್ಳುವ ಮೊದಲೇ ಆ ಚೀಲ ಶೀತಲ ಗೃಹದಲ್ಲಿ ಕಾಲ ಕಳೆದದ್ದಿರಬೇಕು.

ಅಂದಿನಿಂದ ನಾನು ಗಡ್ಡೆಯನ್ನು ತಂದ ದಿನ ಕರಿಯುವುದಿಲ್ಲ. ಬೆಳಕು ಬೀಳದ, ಗಾಳಿಯಾಡುವ ಜಾಗದಲ್ಲಿ, 18ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ಮೂರು ವಾರ ಗೋಣಿಯ ಮೇಲೆ ಹರಡಿಡುತ್ತೇನೆ. ನಾಲ್ಕು ದಿನಕ್ಕೊಮ್ಮೆ ಒಂದು ಗಡ್ಡೆ ಕೊಯ್ದು ಐದು ಬಿಲ್ಲೆ ಕರಿದು, ಹಿಂದಿನ ಸಲದ ಬಿಲ್ಲೆಗಳ ಪಕ್ಕದಲ್ಲಿ ಬಿಳಿ ತಟ್ಟೆಯ ಮೇಲಿಟ್ಟು ನೋಡುತ್ತೇನೆ. ಮೊದಲ ಸಾಲು ಬೆಲ್ಲದ ಬಣ್ಣ, ಮೂರನೆಯ ಸಾಲಿನಲ್ಲಿ ಅಂಚಿಗೆ ಮಾತ್ರ ಕಂದು ರೇಖೆ, ಐದನೆಯದು ಸ್ವಚ್ಛ ಹೊಂಬಣ್ಣ. ತೀರ ಹಳೆಯ ಗಡ್ಡೆಗಳು ಈ ವಿಶ್ರಾಂತಿಗೂ ಬಗ್ಗುವುದಿಲ್ಲ, ಅವನ್ನು ಪಲ್ಯಕ್ಕೆ ಕೊಟ್ಟುಬಿಡಿ. ಹಸಿರು ತಿರುಗಿದವನ್ನು ಎಸೆಯಬೇಕು. ಯಾವ ಗಡ್ಡೆ ಹಿಟ್ಟುಹಿಟ್ಟಾಗಿದೆ, ಯಾವುದು ನೀರು ತುಂಬಿದ್ದು ಎಂದು ಬೇರ್ಪಡಿಸಲು 11 ಲೋಟ ನೀರಿಗೆ ಒಂದು ಲೋಟ ಉಪ್ಪು ಬೆರೆಸಿ ಅದರಲ್ಲಿ ಬಿಡುತ್ತೇನೆ. ಮುಳುಗಿದವು ಚಿಪ್ಸ್‌ಗೆ, ತೇಲಿದವು ಸಾರಿಗೆ.

ಕೊಯ್ದ ಬಿಲ್ಲೆಗಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಲೀಟರಿಗೆ ಎರಡು ದೊಡ್ಡ ಚಮಚ ವಿನಿಗರ್ ಹಾಕಿದ ಕುದಿನೀರಿನಲ್ಲಿ 3 ನಿಮಿಷ ಬಿಡುತ್ತೇನೆ. ಹುಳಿಯಿರುವುದರಿಂದ ಬಿಲ್ಲೆ ಬೆಂದರೂ ಒಡೆಯುವುದಿಲ್ಲ, ಮೇಲಿನ ಸಕ್ಕರೆಯೂ ಒಂದಿಷ್ಟು ನೀರಿಗೆ ಇಳಿಯುತ್ತದೆ. ಆ ನೀರಿಗೆ ನಾನು ಸೇರಿಸುವ ಇನ್ನೊಂದು ವಸ್ತುವನ್ನು ಇಲ್ಲಿ ಹೇಳುವುದಿಲ್ಲ. ಅದಿಲ್ಲದೆಯೂ ಚಿಪ್ಸ್ ಚೆನ್ನಾಗಿಯೇ ಬರುತ್ತದೆ. ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ ಪಸೆ ಆರಿಸುವುದರಲ್ಲಿ ಆತುರ ಪಟ್ಟರೆ ಎಣ್ಣೆ ಉಕ್ಕುತ್ತದೆ. ನಾನು ಬಾಣಲೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ.

ಎಣ್ಣೆ 175 ಡಿಗ್ರಿಗೆ ಬಂದಾಗ ಒಂದು ಹಿಡಿ ಬಿಲ್ಲೆ ಬಿಡುತ್ತೇನೆ, ತಾಪ ತಾನಾಗಿ 155ರ ಆಸುಪಾಸಿಗೆ ಇಳಿಯುತ್ತದೆ, ಅಲ್ಲೇ ಹಿಡಿದಿಡುತ್ತೇನೆ. ಥರ್ಮಾಮೀಟರ್ ಇದ್ದರೂ ಹದ ತಿಳಿಯುವುದು ಕಿವಿಯಿಂದ. ಮೊದಲು ದೊಡ್ಡ ಗುಳ್ಳೆಗಳು ಭೋರೆನ್ನುತ್ತವೆ; ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ ಇರುವುದರಿಂದ ಅದೆಲ್ಲ ಆವಿಯಾಗಿ ಹೊರಬರುವ ಸದ್ದು ಅದು. ನಾಲ್ಕೈದು ನಿಮಿಷದ ಮೇಲೆ ಗುಳ್ಳೆಗಳು ಸಾಸಿವೆ ಕಾಳಿನಷ್ಟಾಗಿ, ಸದ್ದು ಪಿಸುಮಾತಿನಂತೆ ತಗ್ಗಿ, ಜಾಲರಿ ಸೌಟಿಗೆ ತಗುಲಿದ ಬಿಲ್ಲೆಗಳು ಒಣ ಎಲೆಯಂತೆ ಕಟಕಟ ಎನ್ನುತ್ತವೆ. ಆ ಕ್ಷಣ ತೆಗೆದು, ಬಾಣಲೆಯ ಮೇಲೆಯೇ ಹಿಡಿದು ಬಲವಾಗಿ ಕೊಡವಬೇಕು. ಬಿಲ್ಲೆ ಆರುವಾಗ ಒಳಗಿನ ಆವಿ ಕುಗ್ಗಿ ಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಎಣ್ಣೆ ಹೆಚ್ಚಾಗಿ ಸೇರುವುದು ಆಗಲೇ. ಎಣ್ಣೆಯನ್ನು ಮುಂಚೆ, ಆಮೇಲೆ ತೂಗಿ ನೋಡಿದ್ದರಿಂದ ಹೇಳುತ್ತೇನೆ: ಮೊದಲು ಕಿಲೋ ಗಡ್ಡೆಗೆ 130 ಗ್ರಾಮಿನಷ್ಟು ಎಣ್ಣೆ ಹೋಗುತ್ತಿತ್ತು, ಈಗ 80ರ ಸುತ್ತಮುತ್ತ. ಕಿಲೋ ಗಡ್ಡೆಗೆ ಸಿಗುವ ಚಿಪ್ಸ್ 270 ಗ್ರಾಮಿನಷ್ಟು. ಥರ್ಮಾಮೀಟರಿನ ಬೆಲೆ ಆ ಉಳಿತಾಯದಲ್ಲೇ ಹುಟ್ಟಿತು.

ಹೊಸ ಎಣ್ಣೆಯಲ್ಲಿ ಮೊದಲ ಒಬ್ಬೆ ಎಂದೂ ಸಪ್ಪೆ. ಅದಕ್ಕಾಗಿ ಸೋಸಿಟ್ಟ ಹಳೆಯ ಎಣ್ಣೆಯನ್ನು ಒಂದು ಸೌಟು ಬೆರೆಸುತ್ತೇನೆ. ನೊರೆ ನಿಲ್ಲದಿದ್ದರೆ, ಕಮಟು ಬಂದರೆ, ಅಂಟಾದರೆ ಆ ಎಣ್ಣೆಯನ್ನು ಕರುಣೆಯಿಲ್ಲದೆ ಬಿಡಬೇಕು. ಜಿಪುಣತನ ಮಾಡಿ ಒಮ್ಮೆ ಎರಡು ಕಿಲೋ ಚಿಪ್ಸ್ ಕೆಡಿಸಿಕೊಂಡೆ.

ನಡುವೆ ಬೇರೆ ದಾರಿಗಳನ್ನೂ ತುಳಿದೆ. ಕಡ್ಡಿಯಂತೆ ಕೊಯ್ದ ಗಡ್ಡೆಯನ್ನು 130 ಡಿಗ್ರಿಯಲ್ಲಿ ಬೇಯಿಸಿ, ಆರಿಸಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, 190ರಲ್ಲಿ ಮತ್ತೆ ಕರಿದಾಗ ಹೊರಗೆ ಗಾಜಿನಂಥ ತೊಗಟೆ, ಒಳಗೆ ಬೆಣ್ಣೆಯಂಥ ಹಿಟ್ಟು ಸಿಕ್ಕಿತು. ತಣ್ಣನೆಯ ಎಣ್ಣೆಯಲ್ಲೇ ಕಡ್ಡಿಗಳನ್ನು ಹಾಕಿ ಒಟ್ಟಿಗೆ ಕಾಯಿಸುವ ವಿಧಾನವೂ ಅಚ್ಚರಿಯಾಗುವಷ್ಟು ಚೆನ್ನಾಗಿ ಬಂತು, ಆದರೆ ತೆಳು ಬಿಲ್ಲೆಗೆ ಅದು ಆಗದು, ಎಲ್ಲ ಅಂಟಿಕೊಂಡು ಮುದ್ದೆಯಾದವು. ಬೀಟ್‌ರೂಟಿನಲ್ಲಿ ಸಕ್ಕರೆ ಹೆಚ್ಚು. ಅದಕ್ಕೆ 140 ಡಿಗ್ರಿ ಮೀರಬಾರದೆಂದು ಕಲಿಯಲು ಮೂರು ಒಬ್ಬೆ ಕಪ್ಪಾದವು.

ಉಪ್ಪನ್ನು ನುಣ್ಣಗೆ ಪುಡಿ ಮಾಡಿ, ಬಿಲ್ಲೆ ಬಿಸಿಯಿರುವಾಗಲೇ ಉದುರಿಸುತ್ತೇನೆ, ಪೂರ್ತಿ ಆರಿದ ಮೇಲೆಯೇ ಡಬ್ಬಿ ಮುಚ್ಚುತ್ತೇನೆ. ಈ ಸಲದ ಚೀಲ ಗೋಣಿಯ ಮೇಲೆ ಮಲಗಿ ಇಂದಿಗೆ 12 ದಿನ. ಬೆಳಿಗ್ಗೆ ಕರಿದ ಐದು ಬಿಲ್ಲೆಗಳ ಅಂಚಿನಲ್ಲಿ ಇನ್ನೂ ಕಂದು ರೇಖೆ ಇದೆ. ಮುಂದಿನ ವಾರಕ್ಕಿಂತ ಮೊದಲು ಬಾಣಲೆ ಇಡುವುದಿಲ್ಲ.