ನೆರೆ ಇಳಿದ ಮೇಲೆ ಮನೆಗೆ ಮರಳುವವರಿಗೆ ನೆರವಾಗುವುದು ಹೇಗೆ?

ಕಾಳಜಿ ಕೇಂದ್ರದಿಂದ ಜನ ಮನೆಗೆ ಹೊರಟ ದಿನ, ನೆರವಿಗೆ ಬಂದವರು ಮೊದಲು ಹಿಡಿಯುವುದು ಪೊರಕೆ. ಎಡವುವುದೇ ಅಲ್ಲಿ. ಕರ್ನಾಟಕದಲ್ಲಿ 2019ರ ಆಗಸ್ಟ್ ನೆರೆಯ ನಂತರ ಅಧಿಕಾರಿಗಳು ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಹೆಚ್ಚು ಹಾನಿಯ ಎ ವರ್ಗಕ್ಕೆ 5 ಲಕ್ಷ ರೂಪಾಯಿ ಪರಿಹಾರ, ಕಡಿಮೆ ಹಾನಿಯ ಸಿ ವರ್ಗಕ್ಕೆ 50 ಸಾವಿರ. ಹಾನಿ ಅಳೆಯಲು ಬಂದವರಿಗೆ ತೊಳೆದಿಟ್ಟ ಮನೆಯಲ್ಲಿ ಹಾನಿ ಕಾಣುವುದಾದರೂ ಹೇಗೆ?

ಆದ್ದರಿಂದ ಮೊದಲು ಫೋಟೊ: ಗೋಡೆಯ ಮೇಲಿನ ನೀರಿನ ಗೆರೆ, ಬಿರುಕು, ಕುಸಿದ ಮೂಲೆ, ನೆನೆದ ಅಕ್ಕಿಮೂಟೆ. ಪ್ರತಿ ಕೋಣೆಗೆ ಬಾಗಿಲಿನಿಂದ ಒಂದು, ಅಳತೆ ಟೇಪು ಹಿಡಿದು ಹತ್ತಿರದಿಂದ ಒಂದು. ಅಧಿಕಾರಿಗಳು ಹಾನಿ ಕಂಡು ಬರೆಯುವ ಮಹಜರನ್ನು ಮನೆಯವರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟುಬಂದ ಎಷ್ಟೋ ಕುಟುಂಬಗಳಿಗೆ ಇಂದಿಗೂ ಹಕ್ಕುಪತ್ರವಿಲ್ಲ. ಅಂಥವರ ಬಳಿ ಮನೆ ಕಂದಾಯದ ರಸೀದಿ, ಮೆಸ್ಕಾಂ ವಿದ್ಯುತ್ ಬಿಲ್ಲು, ರೇಷನ್ ಕಾರ್ಡು ಏನೇನಿದೆಯೋ ಅಷ್ಟನ್ನೂ ಪರಿಹಾರದ ಅರ್ಜಿಗೆ ಲಗತ್ತಿಸಿ. ಕಾಗದ ಇಲ್ಲವೆಂದು ಅರ್ಜಿಯನ್ನೇ ಕೊಡದೆ ಸುಮ್ಮನಿರಬೇಡಿ.

ಲೈನ್‌ಮನ್ ಬಂದು ನೋಡುವ ತನಕ ಮೇನ್ ಸ್ವಿಚ್ ಹಾಕಬೇಡಿ. ಕೆಸರಿಗೆ ಗಮ್‌ಬೂಟು ಹಾಕಿಯೇ ಇಳಿಯಿರಿ. ಕಾಲಿನ ಗಾಯದಿಂದ ಇಲಿಜ್ವರ ಹತ್ತುತ್ತದೆ.

ನಿಜವಾದ ಕೆಲಸ ಬಾವಿಯದು. ಮಳೆಗಾಲದಲ್ಲಿ ಸುತ್ತಲ ನೆಲವೂ ನೀರು ತುಂಬಿಕೊಂಡಿರುತ್ತದೆ. ಬಾವಿಯನ್ನು ಒಂದೇ ಸಲ ಬರಿದು ಮಾಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಗೋಡೆ ಒಳಗೆ ಕುಸಿಯಬಹುದು. ನಿಧಾನವಾಗಿ, ತಡೆದು ತಡೆದು ಎತ್ತಿ. ಡೀಸೆಲ್ ಪಂಪನ್ನಂತೂ ಬಾವಿಯೊಳಗೆ ಇಳಿಸಲೇಬೇಡಿ, ಹೊಗೆ ತುಂಬಿ ಇಳಿದವರು ಉಸಿರುಗಟ್ಟಿ ಸಾಯುತ್ತಾರೆ. ಕೆಸರು ತೆಗೆದು ಗೋಡೆ ಉಜ್ಜಿದ ಮೇಲೆ ಹೊಸ ನೀರು ನಿಲ್ಲಲಿ.

ಈಗ ಲೆಕ್ಕ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ನೆರೆ ನುಗ್ಗಿದ ಬಾವಿಗೆ ಸಾವಿರ ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಇಲ್ಲಿ 47 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯುವುದು ಎಲ್ಲೆಲ್ಲೂ ಆಗುವ ತಪ್ಪು. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, 10 ನಿಮಿಷ ಬಿಡಿ. ಸುಣ್ಣದ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ. ಗಸಿ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ತಿಳಿಯ ಬಕೆಟನ್ನು ನೀರಿನೊಳಕ್ಕೆ ಮುಳುಗಿಸಿ, ಹಗ್ಗ ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಚೆನ್ನಾಗಿ ಆಡಿಸಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ಅದಾದ ಮೇಲೂ ನೀರಿಗೆ ಕ್ಲೋರಿನ್ ವಾಸನೆ ಇಲ್ಲದಿದ್ದರೆ ಮತ್ತೊಮ್ಮೆ ಹಾಕಿ. ಕುಡಿಯುವ ನೀರನ್ನು ಕುದಿಸುವುದು ಬಿಡಬೇಡಿ. ಬಾಯಿ ತೆರೆದಿಟ್ಟ, ಗಂಟುಕಟ್ಟಿದ ಹಳೇ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಪುಕ್ಕಟೆ ಕೊಟ್ಟರೂ ಬೇಡ. ಪಟಿಕ ಹಾಕಿದರೆ ನೀರು ತಿಳಿಯಾಗುತ್ತದೆ ಅಷ್ಟೇ, ರೋಗಾಣು ಸಾಯುವುದಿಲ್ಲ.

ಗೋಡೆಗೆ ಆತುರ ಬೇಡ. ದಾನಿಗಳು ಪೇಂಟ್ ಡಬ್ಬ ತಂದರೆ ಎತ್ತಿಡಿ. ಒದ್ದೆ ಗೋಡೆಗೆ ಎಮಲ್ಶನ್ ಪೇಂಟ್ ಹೊಡೆದರೆ ತೇವ ಒಳಗೇ ಉಳಿದು ಬಣ್ಣ ಪದರ ಪದರವಾಗಿ ಏಳುತ್ತದೆ. ಮಣ್ಣಿನ ಗೋಡೆಗಂತೂ ಸುಣ್ಣವೇ ಸರಿ, ಅದೂ ದೀಪಾವಳಿ ಕಳೆದ ಮೇಲೆ. ಗೋಡೆ ಆರಿದೆಯೇ ಎಂದು ತಿಳಿಯಲು ಅಡಿಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. ಮರುದಿನ ಹಾಳೆಯ ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು.